ಮಲೆನಾಡಿನ ಹಿತ್ತಲಿಗೆ ಆಲೂಗಡ್ಡೆ: ಯಾವ ಕಾಲ, ಯಾವ ಬೀಜ, ಎಂಥ ಮಡಿ, ಎಷ್ಟು ನೀರು?

‘ಬಟಾಟೆ ನಮ್ಮ ಕಡೆ ಆಗುವುದಿಲ್ಲ, ಅದು ಹಾಸನದವರ ಬೆಳೆ’ ಎಂಬ ಮಾತು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಾಮಾನ್ಯ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಮಳೆ ಹಿಡಿದ ಮೇಲೆ ನೆಟ್ಟು, ಶ್ರಾವಣ ಬರುವಷ್ಟರಲ್ಲಿ ಕೊಳೆತ ಬುಡ ಕಿತ್ತು ಎಸೆದವರು. ಆಲೂಗಡ್ಡೆಗೆ ಬೇಕಾದ ತಂಪು ರಾತ್ರಿ, ಸ್ವಲ್ಪ ಹುಳಿಯ ಮಣ್ಣು, ಕೊಟ್ಟಿಗೆ ಗೊಬ್ಬರ ಎಲ್ಲವೂ ನಮ್ಮಲ್ಲಿವೆ. ಅದಕ್ಕೆ ಆಗದೇ ಇರುವುದು ಬುಡದಲ್ಲಿ ನಿಂತ ನೀರು ಮತ್ತು ಎಲೆಯ ಮೇಲೆ ಕುಳಿತ ನೀರು. ಕಾಲ, ಬೀಜ, ಮಡಿ, ನೀರಾವರಿ ಯಾವುದನ್ನೇ ಆರಿಸುವಾಗಲೂ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿನಲ್ಲಿ ಇಳಿದುಹೋಗುತ್ತದೆ ಎಂಬುದನ್ನು ಮೊದಲು ನೋಡಿ.

ಲೆಕ್ಕಕ್ಕೆ ಸುಲಭವಾಗಲೆಂದು ಇಲ್ಲಿ ಆರು ಮೀಟರ್ ಉದ್ದದ ಮೂರು ಬೋದುಗಳ (ಮಣ್ಣು ಏರಿಸಿದ ಸಾಲುಗಳ) ಹಿತ್ತಲನ್ನು ಇಟ್ಟುಕೊಂಡಿದ್ದೇವೆ. ಬೋದಿನಿಂದ ಬೋದಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 25 ಸೆಂ.ಮೀ. ಒಟ್ಟು ಸುಮಾರು 11 ಚದರ ಮೀಟರ್ ಜಾಗ, 72 ಗಿಡ, ಮೂರು ಕೆ.ಜಿ. ಬೀಜದ ಗಡ್ಡೆ. ಚೆನ್ನಾಗಿ ಬಂದರೆ 20 ಕೆ.ಜಿ. ಆಸುಪಾಸು ಸಿಗುತ್ತದೆ. ನಾಲ್ಕೈದು ಜನರ ಮನೆಗೆ ಎರಡು ತಿಂಗಳ ಸಾಂಬಾರು, ಪಲ್ಯಕ್ಕೆ ಸಾಕು.

ಮುಂಗಾರೋ, ದೀಪಾವಳಿಯೋ?

ಹಾಸನ, ಚಿಕ್ಕಮಗಳೂರಿನ ಬಯಲು ಸೀಮೆಯಲ್ಲಿ ಮೇ–ಜೂನಿನಲ್ಲಿ, ರೋಹಿಣಿ ಮಳೆಯ ಹೊತ್ತಿಗೆ ಬಿತ್ತನೆ ಶುರು. ಅಲ್ಲಿಯ ಮಳೆ ಬಿಟ್ಟು ಬಿಟ್ಟು ಬರುತ್ತದೆ. ನಡುವೆ ಬಿಸಿಲು ಬಿದ್ದು ಮಣ್ಣು ಆರುತ್ತದೆ. ಆದರೂ ಅಲ್ಲಿಯ ಮುಂಗಾರು ಬೆಳೆಗೆ ಎಲೆ ಕೊಳೆಸುವ ಅಂಗಮಾರಿ ರೋಗವೇ ದೊಡ್ಡ ಶತ್ರು. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಊರುಗಳಲ್ಲಿ, ಅಥವಾ ಹೊಸನಗರ, ತೀರ್ಥಹಳ್ಳಿ, ಸಾಗರದ ಘಟ್ಟದಂಚಿನಲ್ಲಿ ಅದೇ ಪಂಚಾಂಗ ಹಿಡಿದರೆ ಆರಿದ್ರ, ಪುನರ್ವಸು ಮಳೆಗಳಲ್ಲಿ ಬೀಜ ಮಣ್ಣಿನಲ್ಲೇ ಕರಗುತ್ತದೆ. ಮೊಳೆತದ್ದು ಆಶ್ಲೇಷದ ಹೊತ್ತಿಗೆ ಅಂಗಮಾರಿಗೆ ಹೋಗುತ್ತದೆ. ಈ ಭಾಗದವರು ಮುಂಗಾರಿನಲ್ಲಿ ನೆಲಕ್ಕೆ ಆಲೂಗಡ್ಡೆ ಹಾಕಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಎಷ್ಟು ಎತ್ತರದ ಬೋದು ಮಾಡಿದರೂ ಎಲೆ ಒದ್ದೆಯಾಗುವುದು ತಪ್ಪುವುದಿಲ್ಲ.

ಶಿಕಾರಿಪುರ, ಸೊರಬದ ಪೂರ್ವ ಭಾಗ, ಭದ್ರಾವತಿ, ಶಿವಮೊಗ್ಗದ ಸುತ್ತಮುತ್ತ, ಅಂದರೆ ಅರೆಮಲೆನಾಡಿನಲ್ಲಿ, ಮುಂಗಾರು ಬೆಳೆ ತೆಗೆಯಬಹುದು. ಅದಕ್ಕೆ ಇಳಿಜಾರಿನ ಜಾಗ, ಒಂದು ಅಡಿ ಎತ್ತರದ ಬೋದು, ವಾರಕ್ಕೊಮ್ಮೆ ಔಷಧಿ ಹೊಡೆಯುವ ತಾಳ್ಮೆ ಮೂರೂ ಇರಬೇಕು. ಒಂದಿಲ್ಲದಿದ್ದರೂ ಕೈಬಿಡಿ.

ಎಲ್ಲರಿಗೂ ಒಗ್ಗುವುದು ಹಿಂಗಾರು. ಭೂಮಿ ಹುಣ್ಣಿಮೆ ಕಳೆದು, ಚಿತ್ತೆ ಮಳೆ ಮುಗಿದು, ಸ್ವಾತಿ ಕಾಲಿಟ್ಟ ಮೇಲೆ, ಅಂದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 15ರೊಳಗೆ ನೆಟ್ಟರೆ ಗಡ್ಡೆ ಕಟ್ಟುವ ಹೊತ್ತಿಗೆ ಡಿಸೆಂಬರಿನ ಚಳಿ ಸಿಗುತ್ತದೆ. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಇದ್ದಾಗ ಗಿಡ ಎಲೆಯಲ್ಲಿ ಮಾಡಿದ ಪಿಷ್ಟವನ್ನು ಗಡ್ಡೆಗೆ ಇಳಿಸುತ್ತದೆ. ಮಣ್ಣು 28–30 ಡಿಗ್ರಿ ದಾಟಿದರೆ ಗಡ್ಡೆ ಕಟ್ಟುವುದೇ ನಿಂತು, ಗಿಡ ಬರೀ ಸೊಪ್ಪಾಗಿ ಬೆಳೆಯುತ್ತದೆ. ಸಂಕ್ರಾಂತಿ ಕಳೆದು ನೆಟ್ಟವರಿಗೆ ಸೊಂಪಾದ ಗಿಡದ ಕೆಳಗೆ ಗೋಲಿಯಷ್ಟು ಗಡ್ಡೆ ಸಿಗುವುದು ಇದೇ ಕಾರಣಕ್ಕೆ. ಅಲ್ಲಿ ಗೊಬ್ಬರದ ತಪ್ಪೇನೂ ಇರುವುದಿಲ್ಲ.

ನೆಡುವ ದಿನವನ್ನು ಮಣ್ಣು ಹೇಳುತ್ತದೆ. ಒಂದು ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಹಿಚುಕಿ, ಸೊಂಟದೆತ್ತರದಿಂದ ಬಿಡಿ. ಉಂಡೆ ಹಾಗೇ ಉಳಿದರೆ ಇನ್ನೂ ನಾಲ್ಕು ದಿನ ಕಾಯಿರಿ. ಎರಡು ಮೂರು ಹೋಳಾಗಿ ಒಡೆದರೆ ಅಂದೇ ನೆಡಿ. ಹಿಡಿಯಲ್ಲೇ ಪುಡಿಯಾದರೆ ಹಿಂದಿನ ದಿನ ನೀರು ಕೊಟ್ಟು ಮರುದಿನ ನೆಡಬೇಕು.

ತೋಟ, ಹಿತ್ತಲು, ಗದ್ದೆ

ಅಡಿಕೆ ತೋಟದಲ್ಲಿ ನೀರಿದೆ, ಗೊಬ್ಬರವಿದೆ ಎಂದು ಮರದ ನಡುವೆ ಹಾಕುವವರಿದ್ದಾರೆ. ಬೇಡ. ಆಲೂಗಡ್ಡೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ತೋಟದ ನೆರಳಿನಲ್ಲಿ ಗಿಡ ಉದ್ದವಾಗಿ ಬಾಗುತ್ತದೆ, ಎಲೆ ಮಧ್ಯಾಹ್ನದವರೆಗೂ ಆರುವುದಿಲ್ಲ.

ಹಿತ್ತಲು ಒಳ್ಳೆಯದು, ಆದರೆ ಅಲ್ಲಿ ಹಿಂದಿನ ಎರಡು ಮೂರು ವರ್ಷ ಏನಿತ್ತು ಎಂದು ನೆನಪಿಸಿಕೊಳ್ಳಿ. ಟೊಮೇಟೊ, ಬದನೆ, ಮೆಣಸಿನಕಾಯಿ ಅಥವಾ ಶುಂಠಿ ಸೊರಗಿ ಸತ್ತ ಜಾಗಕ್ಕೆ ಆಲೂಗಡ್ಡೆ ಹಾಕಬೇಡಿ. ಸೊರಗು ರೋಗ ತರುವ ಅದೇ ಗುಂಪಿನ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಶುಂಠಿ ಹೆಚ್ಚು ಬೆಳೆದ ಊರುಗಳಲ್ಲಿ ಈ ಎಚ್ಚರ ಇಮ್ಮಡಿ ಇರಲಿ.

ಭತ್ತ ಕೊಯ್ದ ಗದ್ದೆಗೆ ಆ ಹೆದರಿಕೆ ಕಡಿಮೆ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಸೊರಗಿನ ದುಂಡಾಣು, ಬೇರು ಕಾಡುವ ಜಂತುಹುಳು ಎರಡೂ ತಗ್ಗಿರುತ್ತವೆ. ತೊಂದರೆಯೆಂದರೆ ಭತ್ತ ಕೊಯ್ದು ಗದ್ದೆ ಬಿಡುವಾಗುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ, ಜಿಗುಟು ಮಣ್ಣು ಹೆಂಟೆಯಾಗುತ್ತದೆ. ಹೆಂಟೆಯ ನಡುವೆ ಬೆಳೆದ ಗಡ್ಡೆ ಸೊಟ್ಟ. ಡಿಸೆಂಬರ್ 10ರೊಳಗೆ ಮಣ್ಣು ಹುಡಿ ಮಾಡಲು ಸಾಧ್ಯವಾದರೆ ಬೇಗ ಬರುವ ತಳಿ ಹಾಕಿ ಗದ್ದೆಯಲ್ಲಿ ನೆಡಿ, ಇಲ್ಲವಾದರೆ ಹಿತ್ತಲೇ ಮೇಲು.

ಕಾಡಿನಂಚಿನ ಮನೆಯವರಿಗೆ ಇನ್ನೊಂದು ವಿಚಾರ. ಕಾಡುಹಂದಿ ಮತ್ತು ಮುಳ್ಳುಹಂದಿಗೆ ಗಡ್ಡೆಯ ವಾಸನೆ ಮಣ್ಣಿನ ಕೆಳಗಿದ್ದರೂ ಸಿಗುತ್ತದೆ. ಒಂದು ರಾತ್ರಿಯಲ್ಲಿ ಮೂರು ಬೋದೂ ಉತ್ತು ಹಾಕಿ ಹೋಗುತ್ತವೆ. ಮನೆಗೆ ಹತ್ತಿರದ, ನಾಯಿ ಓಡಾಡುವ ಜಾಗ ಆರಿಸಿ. ಬಲೆಯ ಬೇಲಿ ಹಾಕುವುದಾದರೆ ಅದರ ಬುಡ ಒಂದು ಅಡಿ ಮಣ್ಣಿನೊಳಗೆ ಹೋಗಿರಲಿ.

ಬೀಜದ ಗಡ್ಡೆಯ ಆಯ್ಕೆ

ಬೀಜಕ್ಕೆಂದೇ ಬೆಳೆದ ಗಡ್ಡೆಗೂ ಅಂಗಡಿಯ ಅಡುಗೆ ಗಡ್ಡೆಗೂ ಇರುವ ವ್ಯತ್ಯಾಸ ಮೇಲುನೋಟಕ್ಕೆ ಕಾಣುವುದಿಲ್ಲ. ಅಂಗಡಿಯದರಲ್ಲಿ ನಂಜುರೋಗ (ವೈರಸ್), ಸೊರಗಿನ ದುಂಡಾಣು ಒಳಗೇ ಕುಳಿತಿರಬಹುದು. ಅಡುಗೆಗೆ ಅದರಿಂದ ಬಾಧಕವಿಲ್ಲ, ನಿಮ್ಮ ಮಣ್ಣಿಗೆ ಇದೆ. ಒಮ್ಮೆ ಹಿತ್ತಲಿಗೆ ಸೊರಗು ಹೊಕ್ಕರೆ ಮುಂದೆ ಬದನೆ, ಟೊಮೇಟೊ ಯಾವುದೂ ನೆಮ್ಮದಿಯಾಗಿ ಬರುವುದಿಲ್ಲ. ಹಾಗಾಗಿ ನೆಲಕ್ಕೆ ಬೀಜದ ಗಡ್ಡೆಯನ್ನೇ ಹಾಕಿ. ಅಂಗಡಿಯ ಗಡ್ಡೆಯಲ್ಲಿ ಪ್ರಯೋಗ ಮಾಡುವ ಆಸೆಯಿದ್ದರೆ ಚೀಲದಲ್ಲಿ ಮಾಡಿ, ಕೆಟ್ಟರೆ ಆ ಮಣ್ಣನ್ನು ತರಕಾರಿ ಮಡಿಗೆ ಸುರಿಯಬೇಡಿ. ಮೊಳಕೆ ಬರದಂತೆ ಔಷಧಿ ಹಾಕಿದ ಗಡ್ಡೆಯೂ ಮಾರುಕಟ್ಟೆಗೆ ಬರುತ್ತದೆ. ಮೂರು ವಾರ ಬೆಳಕಿನಲ್ಲಿ ಇಟ್ಟರೂ ಕಣ್ಣು ಬಿಡದಿದ್ದರೆ ಅದನ್ನು ಪಲ್ಯಕ್ಕೆ ಹೆಚ್ಚಿ.

ಹಿಂಗಾರಿಗೆ ನೆಡುವವರು ಎಡವುವ ಇನ್ನೊಂದು ಕಡೆ ಗಡ್ಡೆಯ ನಿದ್ದೆ. ಕಿತ್ತ ಆಲೂಗಡ್ಡೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಮೊಳೆಯುವುದಿಲ್ಲ. ಹಾಸನದಲ್ಲಿ ಸೆಪ್ಟೆಂಬರಿನಲ್ಲಿ ಕಿತ್ತದ್ದನ್ನು ತಂದು ಅಕ್ಟೋಬರಿನಲ್ಲಿ ನೆಟ್ಟರೆ ಅದು ಮಣ್ಣಿನಲ್ಲಿ ಮಲಗಿಯೇ ಇರುತ್ತದೆ, ಒದ್ದೆ ಸಿಕ್ಕರೆ ಕೊಳೆಯುತ್ತದೆ. ಪಂಜಾಬಿನಿಂದ ಬರುವ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇದ್ದ ಬೀಜದ ಗಡ್ಡೆಗೆ ಈ ತೊಂದರೆಯಿಲ್ಲ. ಹೊರಗೆ ತೆಗೆದ ಹತ್ತು ಹದಿನೈದು ದಿನಕ್ಕೆ ಕಣ್ಣು ಬಿಡುತ್ತದೆ. ಕೊಳ್ಳುವಾಗ ಯಾವ ತಿಂಗಳ ಕೊಯ್ಲು ಎಂದು ಕೇಳುವುದನ್ನು ಮರೆಯಬೇಡಿ.

ತಳಿಗಳಲ್ಲಿ ನಮ್ಮ ಕಡೆ ಹೆಚ್ಚು ಸಿಗುವುದು ಕುಫ್ರಿ ಜ್ಯೋತಿ. ಕುಫ್ರಿ ಎಂಬುದು ಶಿಮ್ಲಾ ಹತ್ತಿರದ ಊರು. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಆ ಹೆಸರೇ ಮನೆತನದ ಹೆಸರು. 1968ರಲ್ಲಿ ಬಿಡುಗಡೆಯಾದ ಜ್ಯೋತಿ ಸುಮಾರು 100 ದಿನದ ಬೆಳೆ. ಆರಂಭದಲ್ಲಿ ಅಂಗಮಾರಿ ತಡೆಯುವ ತಳಿ ಎಂದು ಹೆಸರಾಗಿತ್ತು, ಈಗ ಆ ಶಕ್ತಿ ಹೆಚ್ಚೇನೂ ಉಳಿದಿಲ್ಲ. ಕುಫ್ರಿ ಚಂದ್ರಮುಖಿ 80–90 ದಿನಕ್ಕೆ ಬರುತ್ತದೆ, ರುಚಿ ಚೆನ್ನ, ಅಂಗಮಾರಿಗೆ ಮಾತ್ರ ಬೇಗ ಸೋಲುತ್ತದೆ. ಕುಫ್ರಿ ಹಿಮಾಲಿನಿ ಅಂಗಮಾರಿಯನ್ನು ಇವೆರಡಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನವೆಂಬರಿನಲ್ಲಿ ಬೆಳಿಗ್ಗೆ ಹತ್ತರವರೆಗೂ ಮಂಜು ಕವಿದಿರುವ ಕಣಿವೆಯ ಊರಿನವರು ಹಿಮಾಲಿನಿ ಸಿಕ್ಕರೆ ಬಿಡಬೇಡಿ. ಬಿಸಿಲು ಬೇಗ ಬೀಳುವ ಶಿವಮೊಗ್ಗ, ಶಿಕಾರಿಪುರದವರಿಗೆ ಜ್ಯೋತಿ ಸಾಕು. ತಡವಾಗಿ ಗದ್ದೆಗೆ ಹಾಕುವವರಿಗೆ ಚಂದ್ರಮುಖಿ.

ನೆಡುವ ಎರಡು ಮೂರು ವಾರ ಮೊದಲು ಗಡ್ಡೆಗಳನ್ನು ಕಣ್ಣಿರುವ ಬದಿ ಮೇಲಾಗಿ ಒಂದೇ ಪದರದಲ್ಲಿ, ಜಗಲಿಯಂಥ ಬೆಳಕಿನ ಆದರೆ ಬಿಸಿಲು ತಾಗದ ಜಾಗದಲ್ಲಿ ಹರಡಿ. ಬೆಳಕಿನಲ್ಲಿ ಬಂದ ಮೊಳಕೆ ಅಕ್ಕಿಕಾಳಿನ ಎರಡರಷ್ಟು ಉದ್ದ, ದಪ್ಪ, ಹಸಿರು–ನೇರಳೆ ಬಣ್ಣ. ಬುಡದಲ್ಲಿ ಬೇರಿನ ಸಣ್ಣ ಮೊಗ್ಗುಗಳು ಗಂಟುಗಂಟಾಗಿ ಕಾಣುತ್ತವೆ, ಬೆರಳು ತಾಗಿದರೂ ಮುರಿಯುವುದಿಲ್ಲ. ಕತ್ತಲೆಯ ಚೀಲದಲ್ಲಿ ಬಂದದ್ದು ಬಿಳಿಯ ದಾರದಂತೆ ಗೇಣುದ್ದ ಇರುತ್ತದೆ, ನೆಡುವಾಗ ಮುರಿದು ಹೋಗುತ್ತದೆ. ಇಷ್ಟೊಂದು ಬಿಸಿಲಿರುವ ನಾಡಿನಲ್ಲಿ ಬೀಜವನ್ನು ಗೋಣಿಯಲ್ಲಿ ಕಟ್ಟಿಟ್ಟು ಮೊಳೆಸುವುದು ನಷ್ಟವೇ ಸರಿ. ಮೊಳೆಯದ, ಅಥವಾ ಕೂದಲಿನಂಥ ತೆಳು ಮೊಳಕೆ ಬಂದ ಗಡ್ಡೆಯನ್ನು ಪಕ್ಕಕ್ಕಿಡಿ, ಅಂಥದರಲ್ಲಿ ನಂಜು ಇರುವ ಸಾಧ್ಯತೆ ಹೆಚ್ಚು.

ಇಡಿಯಾಗಿ ನೆಡುವುದೋ, ಕತ್ತರಿಸಿ ನೆಡುವುದೋ? ನಿಂಬೆಗಿಂತ ತುಸು ದೊಡ್ಡ, 40 ಗ್ರಾಂ ಆಸುಪಾಸಿನ ಗಡ್ಡೆಯನ್ನು ಇಡಿಯಾಗಿಯೇ ನೆಡಿ. ಮಲೆನಾಡಿನ ತೇವದ ಮಣ್ಣಿನಲ್ಲಿ ಕತ್ತರಿಸಿದ ಮುಖವೇ ಕೊಳೆಗೆ ಬಾಗಿಲು. ದೊಡ್ಡ ಗಡ್ಡೆಯೇ ಸಿಕ್ಕಿದ್ದರೆ ಪ್ರತಿ ಹೋಳಿಗೂ ಎರಡು ಕಣ್ಣು, 40 ಗ್ರಾಂ ತೂಕ ಬರುವಂತೆ ಉದ್ದಕ್ಕೆ ಸೀಳಿ, ನೆರಳಿನಲ್ಲಿ ಎರಡು ಮೂರು ದಿನ ಹರಡಿಡಿ. ಕತ್ತರಿಸಿದ ಮುಖ ಕಾರ್ಕಿನ ಹಾಗೆ ಒಣಗಿ ತೊಗಲು ಕಟ್ಟಿದ ಮೇಲೆಯೇ ನೆಡಬೇಕು. ಒಂದು ಗಡ್ಡೆ ಕತ್ತರಿಸಿದ ಮೇಲೆ ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ, ಬಳಿಕ ಇನ್ನೊಂದಕ್ಕೆ ಕೈಹಾಕಿ. ಸೊರಗು ಚಾಕುವಿನಲ್ಲೇ ದಾಟುತ್ತದೆ.

ಬೋದು, ಚೀಲ, ದರಕು

ಬೋದು ನಮ್ಮ ಮೊದಲ ಆಯ್ಕೆ. 11 ಚದರ ಮೀಟರಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 25ರಿಂದ 30 ಕೆ.ಜಿ., ಬೇವಿನ ಹಿಂಡಿ ಒಂದು ಕೆ.ಜಿ. ಹಾಕಿ ಒಂದು ಅಡಿ ಆಳಕ್ಕೆ ಅಗೆದು ಮಣ್ಣು ಹುಡಿ ಮಾಡಿ. ಹಸಿ ಸಗಣಿ ಬೇಡ. ಗೊಣ್ಣೆಹುಳು, ಗೆದ್ದಲು ಅದರ ಹಿಂದೆಯೇ ಬರುತ್ತವೆ. ರಾಸಾಯನಿಕ ಗೊಬ್ಬರ ಬಳಸುವವರು ನೆಡುವಾಗ ಡಿ.ಎ.ಪಿ. 200 ಗ್ರಾಂ, ಪೊಟ್ಯಾಷ್ 200 ಗ್ರಾಂ ಸಾಲಿಗೆ ಹಾಕಿ, ಗಡ್ಡೆಗೆ ನೇರವಾಗಿ ತಾಗದಂತೆ ಮೇಲೆ ಎರಡು ಬೆರಳು ಮಣ್ಣು ಎಳೆಯಿರಿ. ಯೂರಿಯಾ 150 ಗ್ರಾಂ ಮೊದಲ ಸಲ ಮಣ್ಣು ಏರಿಸುವಾಗ ಸಾಕು. ಯೂರಿಯಾ ಹೆಚ್ಚಾದರೆ ಸೊಪ್ಪು ಕೊಬ್ಬಿ ಗಡ್ಡೆ ತಡವಾಗುತ್ತದೆ.

ಬೂದಿಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಒಲೆಯ ಬೂದಿ ಎಲ್ಲ ಗಿಡದ ಬುಡಕ್ಕೂ ಹೋಗುತ್ತದೆ. ಬಾಳೆಗೆ, ಕುಂಬಳಕ್ಕೆ ಒಳ್ಳೆಯದೇ. ಆಲೂಗಡ್ಡೆಗೆ ನಮ್ಮ ಮಣ್ಣಿನ ಹುಳಿಯೇ ಅನುಕೂಲ, ರಸಸಾರ (ಪಿಎಚ್) 5.5ರ ಹತ್ತಿರ ಇದ್ದರೆ ಸಿಪ್ಪೆಗೆ ಕಜ್ಜಿ ಹತ್ತುವುದಿಲ್ಲ. ಬೂದಿ, ಸುಣ್ಣ ಸುರಿದು ಹುಳಿ ತೆಗೆದರೆ ಗಡ್ಡೆಯ ಮೈಮೇಲೆ ಒರಟು ಹುರುಕು ಏಳುತ್ತದೆ. ಕೀಟಕ್ಕೆಂದು ಎಲೆಗೆ ಒಂದು ಹಿಡಿ ಎರಚುವುದರಿಂದ ಏನೂ ಆಗದು, ಪುಟ್ಟಿಗಟ್ಟಲೆ ಸಾಲಿಗೆ ಸುರಿಯಬೇಡಿ.

ಬೀಜದ ಮೇಲೆ 5ರಿಂದ 7 ಸೆಂ.ಮೀ. ಮಣ್ಣು ಬರುವಂತೆ ಇಟ್ಟು, ಮೇಲೆ ಅರ್ಧ ಅಡಿ ಎತ್ತರದ ಬೋದು ಎಳೆಯಿರಿ. ಬೋದುಗಳ ನಡುವಿನ ಕಾಲುವೆ ಇಳಿಜಾರಿನತ್ತ ತೆರೆದುಕೊಂಡಿರಲಿ. ಸ್ವಾತಿ, ವಿಶಾಖ ಮಳೆ ಒಂದೆರಡು ದಿನ ಜೋರಾಗಿ ಬರುವುದುಂಟು. ಆಗ ನೀರು ಅರ್ಧ ಗಂಟೆಯಲ್ಲಿ ಹೊರಗಿನ ಬಸಿಗಾಲುವೆಗೆ ಇಳಿದುಹೋಗಬೇಕು. ಬೋದಿಲ್ಲದೆ ಸಪಾಟು ಮಡಿಯಲ್ಲಿ ನೆಟ್ಟವರ ಬೀಜ ಕೊಳೆಯುವುದು ಈ ಎರಡು ದಿನಗಳಲ್ಲೇ.

ಗಡ್ಡೆ ಬೇರಿನಲ್ಲಿ ಬೆಳೆಯುವುದಿಲ್ಲ. ಬೀಜದ ಮೇಲ್ಭಾಗದ ಕಾಂಡದಿಂದ ಅಡ್ಡಕ್ಕೆ ಹೊರಡುವ ಬಿಳಿ ಕುಡಿಗಳ ತುದಿಯಲ್ಲಿ ಬೆಳೆಯುತ್ತದೆ. ಆ ಕುಡಿಗೆ ಬೆಳಕು ಸಿಕ್ಕರೆ ಅದು ಗಡ್ಡೆಯಾಗದೆ ಎಲೆ ಬಿಟ್ಟು ಮೇಲೇಳುತ್ತದೆ. ಗಡ್ಡೆಗೇ ಬೆಳಕು ತಾಗಿದರೆ ಹಸಿರಾಗಿ ಕಹಿಯಾಗುತ್ತದೆ, ಅದನ್ನು ತಿನ್ನಬಾರದು. ಮಣ್ಣು ಏರಿಸುವುದು ಇದಕ್ಕೇ. ಗಿಡ ಒಂದು ಗೇಣು ಎತ್ತರ ಬಂದಾಗ, ಅಂದರೆ ನೆಟ್ಟು 30 ದಿನದ ಆಸುಪಾಸು ಮೊದಲ ಸಲ, ಅದಾದ ಎರಡು ವಾರಕ್ಕೆ ಇನ್ನೊಮ್ಮೆ. ದೀಪಾವಳಿಗೆ ನೆಟ್ಟವರಿಗೆ ಈ ದಿನಗಳು ಸರಿಯಾಗಿ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಬೀಳುತ್ತವೆ. ಅಡಿಕೆ ಗೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದರ ನಡುವೆ ಹಿತ್ತಲು ಮರೆತುಹೋಗುತ್ತದೆ. ಮೂರು ಬೋದಿಗೆ ಮಣ್ಣು ಏರಿಸಲು ಒಬ್ಬರಿಗೆ ಒಂದೂವರೆ ಗಂಟೆ ಸಾಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಚೀಲದ ಬೇಸಾಯ ಜಾಗವಿಲ್ಲದ ಶಿವಮೊಗ್ಗ ಪೇಟೆಯ ಮನೆಗಳಿಗೆ, ಹೆಗ್ಗಣ–ಹಂದಿ ಕಾಟವಿರುವವರಿಗೆ ಸರಿ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗಿನಲ್ಲಿ ಸುಮಾರು 40 ಲೀಟರ್ ಮಣ್ಣು ಹಿಡಿಯುತ್ತದೆ. ಕೆಮ್ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ತಳದಲ್ಲಿ ಆರೇಳು ತೂತು. ಒಂದು ಚೀಲಕ್ಕೆ ಎರಡು, ಹೆಚ್ಚೆಂದರೆ ಮೂರು ಬೀಜ. ಸಿಗುವುದು ಒಂದು ಕೆ.ಜಿ. ಸುತ್ತಮುತ್ತ. ಚೀಲ ಎತ್ತರ ಮಾಡಿ ಮಣ್ಣು ಸುರಿಯುತ್ತಾ ಹೋದರೆ ಅಂತಸ್ತಿನ ಮೇಲೆ ಅಂತಸ್ತು ಗಡ್ಡೆ ಬಿಡುತ್ತದೆ ಎಂದು ಹಲವರು ನಂಬಿದ್ದಾರೆ. ನಮ್ಮಲ್ಲಿ ಸಿಗುವ ಬೇಗ ಬಲಿಯುವ ತಳಿಗಳು ಬೀಜದ ಮೇಲಿನ 15–20 ಸೆಂ.ಮೀ. ಜಾಗದಲ್ಲೇ ಗಡ್ಡೆ ಕಟ್ಟಿ ಮುಗಿಸುತ್ತವೆ. ಅದಕ್ಕಿಂತ ಎತ್ತರಕ್ಕೆ ಹಾಕಿದ ಮಣ್ಣು ವ್ಯರ್ಥ. ಚೀಲದ ನಿಜವಾದ ದೋಷ ಬಿಸಿ. ಪಶ್ಚಿಮದ ಬಿಸಿಲಿಗೆ ಕಪ್ಪು ಚೀಲದ ಮಣ್ಣು ಕಾದು ಗಡ್ಡೆ ಕಟ್ಟುವುದು ನಿಲ್ಲುತ್ತದೆ. ಮಧ್ಯಾಹ್ನ ಮೂರರ ಮೇಲೆ ಗೋಡೆಯ ನೆರಳು ಬೀಳುವ ಕಡೆ ಇಡಿ.

ಮೂರನೆಯದು ದರಕಿನ ವಿಧಾನ. ಬೀಜವನ್ನು ಮಣ್ಣಿನ ಮೇಲೆಯೇ ಇಟ್ಟು, ಮೇಲೆ ಮುಕ್ಕಾಲು ಅಡಿ ತರಗೆಲೆ ಅಥವಾ ಹುಲ್ಲು ಹೊದಿಸುವುದು. ಅಗೆತವಿಲ್ಲ, ಕಳೆಯಿಲ್ಲ, ಕೀಳುವಾಗ ಹೊದಿಕೆ ಸರಿಸಿದರೆ ಶುಭ್ರ ಗಡ್ಡೆ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡು) ಇರುವವರಿಗೆ ದರಕು ಪುಕ್ಕಟೆ. ಆದರೆ ಆ ಹೊದಿಕೆಯಡಿ ಇಲಿ, ಹೆಗ್ಗಣ ಸಂಸಾರ ಹೂಡುತ್ತವೆ, ಗಾಳಿಗೆ ಎಲೆ ಹಾರಿ ಗಡ್ಡೆ ಹಸಿರಾಗುತ್ತದೆ. ಬೋದು, ದರಕು ಎರಡನ್ನೂ ಕೂಡಿಸುವುದು ಜಾಣತನ. ಎರಡನೆಯ ಸಲ ಮಣ್ಣು ಏರಿಸಿದ ಮೇಲೆ ಬೋದಿನ ಪಕ್ಕಕ್ಕೂ ಕಾಲುವೆಗೂ ನಾಲ್ಕು ಬೆರಳು ದಪ್ಪ ದರಕು ಹಾಸಿ. ಮಣ್ಣು ತಂಪಾಗಿರುತ್ತದೆ, ನೀರಿನ ಖರ್ಚೂ ಇಳಿಯುತ್ತದೆ.

ನೀರು: ಕೊಡ, ಕಾಲುವೆ, ಡ್ರಿಪ್, ಸ್ಪ್ರಿಂಕ್ಲರ್

ಮೊದಲು ಪ್ರಮಾಣ. ಪೂರ್ತಿ ಬೆಳೆದ ಗಿಡಕ್ಕೆ ನಮ್ಮ ಚಳಿಗಾಲದಲ್ಲಿ ವಾರಕ್ಕೆ ಚದರ ಮೀಟರಿಗೆ 25 ಲೀಟರ್ ಬೇಕು. ಅಂದರೆ ಬೋದಿನ ಒಂದು ಮೀಟರ್ ಉದ್ದಕ್ಕೆ 15 ಲೀಟರ್, ದೊಡ್ಡದೊಂದು ಪ್ಲಾಸ್ಟಿಕ್ ಕೊಡದಷ್ಟು. 18 ಮೀಟರಿಗೆ ವಾರಕ್ಕೆ 18 ಕೊಡ. ಇದನ್ನು ಒಂದೇ ದಿನ ಸುರಿಯಬೇಡಿ. ನೀರು ಬೇಗ ಇಂಗುವ ಜಂಬಿಟ್ಟಿಗೆ ಮಣ್ಣಾದರೆ ಮೂರು ಕಂತು, ಗದ್ದೆಯ ಜಿಗುಟು ಮಣ್ಣಾದರೆ ಒಂದು ಅಥವಾ ಎರಡು ಕಂತು.

ನೆಟ್ಟ ದಿನದಿಂದ ಮೊಳಕೆ ಹೊರಬರುವವರೆಗೆ, 15–20 ದಿನ, ಮಣ್ಣಿನ ತೇವವೇ ಸಾಕು. ಈ ದಿನಗಳಲ್ಲಿ ಅಕ್ಕರೆಯಿಂದ ನೀರು ಹಾಕಿಯೇ ಬೀಜ ಕೊಳೆಸುವವರು ಹೆಚ್ಚು. ಮೊಳಕೆ ಕಂಡ ಮೇಲೆ ಮೀಟರಿಗೆ ವಾರಕ್ಕೆ ಎಂಟು ಹತ್ತು ಲೀಟರ್. 30ರಿಂದ 45 ದಿನದ ನಡುವೆ, ಕುಡಿಯ ತುದಿ ಊದಿ ಗಡ್ಡೆಯಾಗುವ ಹೊತ್ತಿನಲ್ಲಿ, ಮಣ್ಣು ಒಮ್ಮೆಯೂ ಒಣಗಬಾರದು. ಆಗ ಒಣಗಿದರೆ ಗಡ್ಡೆಯ ಸಂಖ್ಯೆಯೇ ಕಡಿಮೆಯಾಗುತ್ತದೆ, ಮುಂದೆ ಎಷ್ಟು ನೀರು ಕೊಟ್ಟರೂ ಅದು ಸರಿಹೋಗುವುದಿಲ್ಲ. 45ರಿಂದ 75 ದಿನದವರೆಗೆ ಪೂರ್ತಿ 15 ಲೀಟರ್. ಎಲೆ ಹಳದಿಯಾಗತೊಡಗಿದಾಗ ಅರ್ಧಕ್ಕಿಳಿಸಿ, ಕೀಳುವ 10–12 ದಿನ ಮೊದಲು ಪೂರ್ತಿ ನಿಲ್ಲಿಸಿ.

ಎರಡು ವಾರ ಒಣಗಲು ಬಿಟ್ಟು ಆಮೇಲೆ ಒಮ್ಮೆಲೇ ತೋಯಿಸಿದರೆ ಗಡ್ಡೆ ಸೀಳುತ್ತದೆ, ಇಲ್ಲವೇ ಶುಂಠಿಯ ಹಾಗೆ ಮೈಯಿಂದ ಮೊಟ್ಟು ಮೊಟ್ಟಾಗಿ ಹೊಸ ಬೆಳವಣಿಗೆ ಹೊರಡುತ್ತದೆ. ಹೆಚ್ಚು ನೀರಾದದ್ದನ್ನೂ ಗಡ್ಡೆಯೇ ತೋರಿಸುತ್ತದೆ. ಒಂದನ್ನು ಅಗೆದು ನೋಡಿ, ಸಿಪ್ಪೆಯ ಮೇಲೆ ಸಾಸಿವೆಕಾಳಿನಷ್ಟು ಬಿಳಿ ಗುಳ್ಳೆಗಳಿದ್ದರೆ ಉಸಿರಾಡುವ ರಂಧ್ರಗಳು ಊದಿವೆ ಎಂದರ್ಥ. ಒಂದು ಕಂತು ಬಿಡಿ.

ಕೊಡದಲ್ಲಿ ಹೊತ್ತು ಹಾಕುವುದು ಮೂರು ಬೋದಿಗೆ ಸಾಧ್ಯ, ಮೇಲಿನಿಂದ ಸುರಿಯಬೇಡಿ. ಬೋದಿನ ಮಣ್ಣು ಕೊಚ್ಚಿ ಗಡ್ಡೆ ಹೊರಗೆ ಕಾಣುತ್ತದೆ. ಕಾಲುವೆಗೆ ಸುರಿಯಿರಿ. ಕಾಲುವೆಯಲ್ಲಿ ಹಾಯಿಸುವುದು ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿ ನೀರಿರುವ ಮನೆಗಳಿಗೆ ಸುಲಭ. ನೀರು ಬೋದಿನ ಅರ್ಧ ಎತ್ತರ ದಾಟಬಾರದು, ಇಂಗಿ ತಾನಾಗಿ ಮೇಲೇರುತ್ತದೆ. ಮೇಲಿನ ಯಾರದೋ ಟೊಮೇಟೊ ಮಡಿಯನ್ನು ಹಾದು ಬರುವ ನೀರಾದರೆ ಮಾತ್ರ ಬೇಡವೇ ಬೇಡ, ಸೊರಗು ನೀರಿನ ಜೊತೆ ಇಳಿದು ಬರುತ್ತದೆ.

ಡ್ರಿಪ್‌ಗೆ ಖರ್ಚು ಮಾಡಬಹುದಾದರೆ ಮಾಡಿ. ಒಂದು ಅಡಿಗೊಂದು ತೂತಿನ, ಗಂಟೆಗೆ ಎರಡು ಲೀಟರ್ ಬಿಡುವ ಪೈಪಿನಲ್ಲಿ ಒಂದು ಮೀಟರಿಗೆ ಗಂಟೆಗೆ ಆರು ಲೀಟರ್ ಸಿಗುತ್ತದೆ. ವಾರಕ್ಕೆ 50 ನಿಮಿಷದ ಮೂರು ಸರದಿಗೆ ನಮ್ಮ 15 ಲೀಟರ್ ಆಯಿತು. 200 ಲೀಟರಿನ ಡ್ರಮ್ಮನ್ನು ನಾಲ್ಕೈದು ಅಡಿ ಎತ್ತರದ ಕಟ್ಟೆಯ ಮೇಲಿಟ್ಟರೂ ನಡೆಯುತ್ತದೆ, ಆದರೆ ಒತ್ತಡ ಕಡಿಮೆಯಾದ್ದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಒಂದು ತೂತಿನ ಕೆಳಗೆ ಲೋಟ ಇಟ್ಟು ಅಳೆದುಕೊಳ್ಳಿ. ಅಬ್ಬಿ ನೀರಿನಲ್ಲಿ ಎಲೆಚೂರು, ಸಣ್ಣ ಮರಳು ಬರುವುದರಿಂದ ಜಾಲರಿ ಫಿಲ್ಟರ್ ಇಲ್ಲದೆ ಡ್ರಿಪ್ ಹಾಕಿದರೆ ಎರಡು ವಾರಕ್ಕೆ ಅರ್ಧ ತೂತು ಕಟ್ಟಿಕೊಳ್ಳುತ್ತವೆ.

ತೋಟಕ್ಕೆ ಹಾಕಿದ ಸ್ಪ್ರಿಂಕ್ಲರನ್ನೇ ಇತ್ತ ತಿರುಗಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯ. ನಮ್ಮಲ್ಲಿ ಇಬ್ಬನಿಯಿಂದಲೇ ಎಲೆ ಬೆಳಿಗ್ಗೆ ಒಂಬತ್ತು ಹತ್ತರವರೆಗೆ ಒದ್ದೆ. ಸಂಜೆ ಸ್ಪ್ರಿಂಕ್ಲರ್ ಬಿಟ್ಟರೆ ಎಲೆ ಹದಿನಾಲ್ಕು ಹದಿನೈದು ಗಂಟೆ ಒದ್ದೆಯಾಗಿಯೇ ಉಳಿಯುತ್ತದೆ. ಅಂಗಮಾರಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಇಲ್ಲ. ಯಾವ ವಿಧಾನವಾದರೂ ನೀರು ಬೆಳಿಗ್ಗೆ ಕೊಡಿ, ಬುಡಕ್ಕೆ ಕೊಡಿ.

ಗಿಡ ಬಾಡಿದರೆ: ಅಂಗಮಾರಿಯೋ, ಸೊರಗೋ, ಬಾಯಾರಿಕೆಯೋ?

ಬಾಯಾರಿದ ಗಿಡ ಮಧ್ಯಾಹ್ನ ಜೋಲುತ್ತದೆ, ಸಂಜೆಗೆ ಏಳುತ್ತದೆ. ಸೊರಗು ಹಿಡಿದದ್ದು ಹಸಿರಾಗಿಯೇ ಜೋತು ಬಿದ್ದು ಮರುದಿನ ಏಳುವುದಿಲ್ಲ. ಅನುಮಾನವಿದ್ದರೆ ಬುಡದ ಕಾಂಡ ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ನಾಲ್ಕೈದು ನಿಮಿಷದಲ್ಲಿ ಕತ್ತರಿಸಿದ ಮುಖದಿಂದ ಹಾಲಿನಂಥ ಎಳೆ ನೀರಿಗಿಳಿದರೆ ಸೊರಗು ಖಂಡಿತ. ಔಷಧಿಯಿಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ, ಆ ಬೋದಿಗೆ ಬಳಸಿದ ಗುದ್ದಲಿ ತೊಳೆಯದೆ ಇನ್ನೊಂದಕ್ಕೆ ಒಯ್ಯಬೇಡಿ.

ಅಂಗಮಾರಿ ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಂದು–ಕಪ್ಪು ಮಚ್ಚೆಯಾಗಿ ಶುರು. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿ ಬೂಸಲು ಇರುತ್ತದೆ. ಅಡಿಕೆಗೆ ಕೊಳೆರೋಗ ತರುವ ಶಿಲೀಂಧ್ರದಂಥ ಜೀವಿಯ ದಾಯಾದಿಯೇ ಇದು, ಐರ್ಲೆಂಡಿನಲ್ಲಿ 1845ರ ಕ್ಷಾಮಕ್ಕೆ ಕಾರಣವಾದದ್ದೂ ಇದೇ. ಹಾಗಾಗಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಇಲ್ಲೂ ಕೆಲಸ ಮಾಡುತ್ತದೆ, ಆದರೆ ಮಚ್ಚೆ ಬರುವ ಮೊದಲು. ಹತ್ತು ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕದಡಿ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರ ಹತ್ತಿದ್ದರೆ ಸುಣ್ಣ ಸಾಲದು, ಎಲೆ ಸುಡುತ್ತದೆ, ಇನ್ನಷ್ಟು ತಿಳಿಸುಣ್ಣ ಸೇರಿಸಿ. ಅದು ಬೇಡವೆಂದರೆ ಮ್ಯಾಂಕೋಜೆಬ್ ಲೀಟರಿಗೆ ಎರಡು ಗ್ರಾಂ. ಮೊದಲ ಸಿಂಪಡಣೆ ನೆಟ್ಟು 35–40 ದಿನಕ್ಕೆ. ಮಂಜು ಮೋಡ ಮುಂದುವರಿದರೆ ಎಂಟು ಹತ್ತು ದಿನಕ್ಕೊಮ್ಮೆ, ಎಲೆಯ ಅಡಿ ತಾಗುವಂತೆ.

ಕೀಳುವುದು

ಎಲೆ ಹಳದಿಯಾಗಿ ಕಾಂಡ ಮಲಗಿದ ಮೇಲೆ ಸೊಪ್ಪನ್ನು ಬುಡಕ್ಕೆ ಕತ್ತರಿಸಿ ಹೊರಗೆ ಹಾಕಿ, ಗಡ್ಡೆಯನ್ನು ಹತ್ತು ಹನ್ನೆರಡು ದಿನ ಮಣ್ಣಿನಲ್ಲೇ ಬಿಡಿ. ಒಂದನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಸಿಪ್ಪೆ ಜಾರದಿದ್ದರೆ ಕೀಳಬಹುದು. ಜಾರಿದರೆ ಇನ್ನೂ ನಾಲ್ಕು ದಿನ. ಗುದ್ದಲಿಯನ್ನು ಬೋದಿನ ಪಕ್ಕದಿಂದ, ಬುಡಕ್ಕೆ ಒಂದು ಗೇಣು ದೂರ ಹಾಕಿ. ತೊಳೆಯಬೇಡಿ, ನೆರಳಿನಲ್ಲಿ ಆರಿಸಿ, ಗಾಯವಾದವನ್ನು ಅಂದಿನ ಅಡುಗೆಗೆ ಇಡಿ. ಒಲೆಯ ಮೇಲಿನ ಅಟ್ಟ ಬಿಸಿ, ಬೇಡ. ತಂಪು ಕೋಣೆಯ ನೆಲದಲ್ಲಿ ಮರಳು ಹಾಸಿ, ಕತ್ತಲಾಗುವಂತೆ ಗೋಣಿ ಮುಚ್ಚಿ. ಬೇಸಿಗೆ ಏರಿದಂತೆ ಗಡ್ಡೆ ಕೊರೆಯುವ ಪತಂಗ ಬರುತ್ತದೆ. ಒಣಗಿಸಿದ ಲಂಟಾನ ಸೊಪ್ಪನ್ನು ಗಡ್ಡೆಯ ಕೆಳಗೂ ಮೇಲೂ ಎರಡು ಬೆರಳು ದಪ್ಪ ಹಾಕಿದರೆ ಅದರ ಕಾಟ ಬಹಳಷ್ಟು ತಗ್ಗುತ್ತದೆ. ಹದಿನೈದು ದಿನಕ್ಕೊಮ್ಮೆ ಗೋಣಿ ಸರಿಸಿ ಮೂಸಿ ನೋಡಿ. ಕೊಳೆತ ಒಂದು ಗಡ್ಡೆ ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಸಿಗುತ್ತದೆ.